ನಳದ ಕಲಮು

"ಏ ಹಲ್ಕಟ್ ರಂಡೇರಾ, ಬಾಯಿ ಮುಚ್ಚರ್ಲೇ! ಒಳಗ ಸಂವಿಧಾನ ಬರಿಯಾಕತ್ತಾರ, ಹೊರಗ ನೀವು ಸಂತಿ ಹಚ್ಚೀರಿ!"

ದಲಾಲಿ ಅಂಗಡಿಯ ಸೋಮಣ್ಣನವರು ಸಭೆಯ ಬಾಗಿಲಲ್ಲಿ ನಿಂತು ಹೀಗೆ ಅಪ್ಪಣೆ ಕೊಡಿಸಿದರು. ನಾವು ಮಾಡಿದ ಗದ್ದಲವೆಂದರೆ ಸೀನಿದ್ದು. ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುವ ಹೆಂಗಸರು ಸೀನದೆ ಇನ್ನೇನು ಮಾಡಬೇಕು?

"ಸೀನು ತಡಕೋಬೇಕೇನ್ರಿ ಸಾವ್ಕಾರ್ರ?" ಎಂದಳು ನಮ್ಮಲ್ಲಿ ಹಿರಿಯಳಾದ ಗದಿಗೆವ್ವ.

"ತಡಕೋರಿ. ಇಷ್ಟು ಮಂದಿ ಶಾಣ್ಯಾರು ನಿಮ್ಮ ಉದ್ಧಾರದ ಸಲುವಾಗಿ ತಲಿ ಕೆಡಿಸ್ಕೊಂಡು ಕುಂತಾರ."

ಅದು ಸುಳ್ಳಲ್ಲ. ಬ್ಯಾಡಗಿ ಪೇಟೆಯಲ್ಲಿ ದುಡಿಯುವವರಿಗಾಗಿ ಹೊಸ ಸಂಘವೊಂದು ಹುಟ್ಟುತ್ತಿತ್ತು. ಅದರ ಕಟ್ಟಳೆ ಬರೆಯಲು ಹಾವೇರಿಯಿಂದ, ರಾಣೆಬೆನ್ನೂರಿನಿಂದ, ಮೋಟೆಬೆನ್ನೂರಿನಿಂದ ಪ್ರತಿನಿಧಿಗಳು ಬಂದಿದ್ದರು. ದುಡಿಯುವವರಿಗೆ ಬರೆಯಲು ಪುರಸೊತ್ತೆಲ್ಲಿ? ಹಾಗಾಗಿ ದಲಾಲರು, ಕೋಲ್ಡ್ ಸ್ಟೋರೇಜಿನ ಮಾಲೀಕರು, ವಕೀಲರು ದೊಡ್ಡ ಮನಸ್ಸು ಮಾಡಿ ಆ ಭಾರ ಹೊತ್ತಿದ್ದರು. ನಮ್ಮವನು ಅಂತ ಇದ್ದವನು ಹಮಾಲರ ಮುಖಂಡ ಕೊಟ್ರೇಶ ಒಬ್ಬನೇ. ಅವನಿಗೂ ಒಂದು ಕುರ್ಚಿ ಸಿಕ್ಕಿತ್ತು. ಚೀಲ ಹೊತ್ತು ಬಾಗಿದ ಬೆನ್ನು ಕುರ್ಚಿಗೆ ಒರಗಿದ್ದೇ, ಅವನ ಕುತ್ತಿಗೆ ನಮ್ಮ ಕಡೆ ಹೊರಳುವುದನ್ನು ಮರೆಯಿತು.

ನಮಗೆ ಬೇಕಾಗಿದ್ದು ಉದ್ಧಾರವಲ್ಲ, ಪೇಟೆಯ ನೀರಿನ ನಳ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಊರೆಲ್ಲ ಹೊಗಳುತ್ತದೆ. ಹೊಗಳುವವರು ಯಾರೂ ಇಡೀ ದಿನ ತೊಟ್ಟು ಮುರಿದವರಲ್ಲ. ನಾವು ಆ ಕೈಯಲ್ಲಿ ಕಣ್ಣು ಮುಟ್ಟಿಕೊಳ್ಳುವುದಿಲ್ಲ, ದೇವರಿಗೆ ಕೈ ಮುಗಿದರೂ ಮುಖದಿಂದ ದೂರ ಹಿಡಿಯುತ್ತೇವೆ. ನಮ್ಮ ಜೊತೆ ತೊಟ್ಟು ಮುರಿಯುವ ಮುಮ್ತಾಜಬಿಯ ಸೊಸೆ ಹುಮಾ ತನ್ನ ಹಸುಗೂಸನ್ನು ಕಂಬಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿ ಕೆಲಸಕ್ಕೆ ಕೂರುತ್ತಿದ್ದಳು. ಅದು ಅತ್ತರೆ ನಳಕ್ಕೆ ಓಡಿ, ಕೈ ತೊಳೆದು, ಮಜ್ಜಿಗೆ ಸವರಿ, ಮತ್ತೆ ತೊಳೆದು, ಆಮೇಲೇ ಎತ್ತಿಕೊಂಡು ಹಾಲು ಕೊಡುವುದು. ಇನ್ನು ಮೇಲೆ ಆ ನಳ ಸಂಘದ ಸ್ವತ್ತು ಎಂದು ಸುದ್ದಿಯಾಗಿತ್ತು. ಸಂಘದಲ್ಲಿ ನಾವು ಇರುತ್ತೇವೋ ಇಲ್ಲವೋ, ಅದಷ್ಟೇ ನಮ್ಮ ಚಿಂತೆ.

ಮಧ್ಯಾಹ್ನ ರಾಣೆಬೆನ್ನೂರಿನ ವಕೀಲ ವೀರೇಂದ್ರ ಚಹಾದ ಲೋಟ ಹಿಡಿದು ಹೊರಗೆ ಬಂದರು. ಮಠದಲ್ಲಿ ಪುರಾಣ ಕೇಳಿ ಬೆಳೆದವರು ನಾವು. ದೊಡ್ಡವರು ಬಾಯಿ ತೆರೆದರೆ ಕಿವಿ ತಾನಾಗಿ ಆ ಕಡೆ ಹೋಗುತ್ತದೆ.

"ನೋಡ್ರವ್ವ, ಹಿಂದಕ ಅಮೆರಿಕಾದಾಗ ಬಂಗಾರ ಸಿಕ್ತು ಅಂತ ಮಂದಿ ಪಡುವಲ ಕಡೆ ನುಗ್ಗಿದ್ರು. ಹೊಸಾ ನಾಡು, ಕಾಯ್ದೆ ಇಲ್ಲ ಕಟ್ಟಳೆ ಇಲ್ಲ. ಆವಾಗ ಪ್ರತಿನಿಧಿಗಳು ಒಂದು ಸಾಲಿ ಕಟ್ಟಡದಾಗ ಕುಂತು ರಾಜ್ಯಕ್ಕ ಸಂವಿಧಾನ ಬರದ್ರು. ಹೆಂಗ? ಮತ್ತೊಂದು ರಾಜ್ಯದ್ದು ಮುಂದಿಟ್ಕೊಂಡು! ನಾನೂ ಹಂಗ, ಕರಾವಳಿ ಮೀನುಗಾರರ ಸಂಘದ್ದು ತಂದು ಮುಂದಿಟ್ಕೊಂಡೇನಿ."

"ಆ ನಾಡಿನಾಗ ಮೊದಲ ಯಾರೂ ಇರಲಿಲ್ಲೇನ್ರಿ ಸಾಹೇಬ್ರ?" ಎಂದಳು ಗದಿಗೆವ್ವ.

"ಇದ್ರು. ಅಲ್ಲೀ ಮೂಲ ಮಂದಿ."

"ಅವರಿಗೆ ಓಟು ಕೊಟ್ರೇನ್ರಿ?"

"ಇಲ್ಲವ್ವ."

"ಹೆಣ್ಮಕ್ಕಳಿಗೆ?"

"ಅದು ಆ ಕಾಲ..."

"ಅದನ್ನೂ ಹಂಗ ಇಳಿಸ್ಕೊಂಡೀರೇನ್ರಿ ಮತ್ತ?"

ವಕೀಲರ ಚಹಾ ನೆತ್ತಿಗೇರಿತು. ಕೆಮ್ಮುತ್ತ ಒಳಗೆ ಹೋದರು. ಘಾಟು ಜಾಸ್ತಿ ಅಂದುಕೊಂಡಿರಬೇಕು.

ಸಂಜೆ ವಕೀಲರು ಕಟ್ಟಳೆಯ ಕಲಮುಗಳನ್ನು ಓದಿದರು. ಬಾಗಿಲು ತೆರೆದೇ ಇತ್ತು. "ಏಳನೆಯ ಕಲಮು. ಸಮುದ್ರವು ಪ್ರಕ್ಷುಬ್ಧವಾಗಿರುವಾಗ ಸದಸ್ಯರು ದೋಣಿ ಇಳಿಸತಕ್ಕದ್ದಲ್ಲ."

ಬ್ಯಾಡಗಿಯಲ್ಲಿ ಮಳೆಗಾಲದಲ್ಲೂ ದೋಣಿ ತೇಲುವಷ್ಟು ನೀರಿಲ್ಲ.

"ಇರಲಿ ಬಿಡ್ರಿ," ಎಂದರು ಸೋಮಣ್ಣನವರು. "ಕಾಯ್ದಿ ಅಂದ್ರ ಒಂದೀಟು ಭಾರ ಇರಬೇಕು."

"ನಮ್ಮಜ್ಜ ಸ್ವಾತಂತ್ರ್ಯಕ್ಕ ಜೇಲಿಗೆ ಹೋದವರು. ನಾನು ಅನುಮೋದಿಸ್ತೇನಿ," ಎಂದರು ಮೋಟೆಬೆನ್ನೂರಿನ ಪ್ರತಿನಿಧಿ. ಅವರು ಪ್ರತಿಯೊಂದನ್ನೂ ಅಜ್ಜನ ಸಮೇತವೇ ಅನುಮೋದಿಸುತ್ತಿದ್ದರು.

ಮುಂದಿನ ಕಲಮು: ಚೀಲ ಹೊರುವವರೇ ಸದಸ್ಯರು, ತೊಟ್ಟು ಮುರಿಯುವುದು ಕೂತು ಮಾಡುವ ಕೆಲಸವಾದ್ದರಿಂದ ಅದನ್ನು ದುಡಿಮೆ ಎನ್ನಲಾಗದು. ಇದನ್ನು ಬರೆದವರೆಲ್ಲ ಕೂತೇ ಬರೆದರು. ಅದರ ಮುಂದಿನದು: ನಳವು ಸದಸ್ಯರ ಉಪಯೋಗಕ್ಕೆ ಮಾತ್ರ. ಕೈ ಎತ್ತಿರೆಂದಾಗ ಕೊಟ್ರೇಶ ಸೂರಿನ ತಗಡು ನೋಡುತ್ತ ಕೈ ಎತ್ತಿದ.

"ಯಾ ಅಲ್ಲಾ," ಎಂದಳು ಮುಮ್ತಾಜಬಿ, "ಸಮುದ್ರಕ್ಕ ಜಾಗ ಐತಿ, ನಮಗಿಲ್ಲ."

ಮರುದಿನ ನಳಕ್ಕೆ ಬೀಗ ಬಿದ್ದಿತ್ತು. ಕೂಸು ಅತ್ತಾಗ ಹುಮಾ ಓಡಿ ಹೋಗಿ, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ಕೊಟ್ರೇಶನ ಮುಂದೆ ನಿಂತಳು.

"ಅಣ್ಣಾ, ಒಮ್ಮಿ ತಗೀರಿ. ಹಸದೈತಿ ಅದು."

"ಕಲಮು ಆಗೇತಿ ತಂಗಿ. ನನ್ನ ಕೈಯಾಗ ಏನೈತಿ?"

ಅವನ ಕೈಯಲ್ಲಿ ಕೀಲಿಕೈ ಇತ್ತು. ಕೂಸು ಅತ್ತು ಅತ್ತು ನೀಲಿಯಾಗುತ್ತ ಬಂತು. ತಡೆಯಲಾರದೆ ಹುಮಾ ಸೆರಗಿಗೆ ಕೈ ಒರೆಸಿ ಎತ್ತಿಕೊಂಡಳು. ಸಂಜೆಗೆ ಅದರ ಕೆನ್ನೆಯ ಮೇಲೆ ತಾಯಿಯ ಬೆರಳುಗಳು ಕೆಂಪಗೆ ಮೂಡಿದ್ದವು. ಅಂದು ಯಾರೂ ಸೀನಲಿಲ್ಲ.

ಆ ಹೊತ್ತಿಗೇ ಸೋಮಣ್ಣನವರು ನಗುತ್ತ ಬಂದರು. "ಗದಿಗೆವ್ವಾ, ನಾಳೆ ಸಂವಿಧಾನ ಅಂಗೀಕಾರ. ಪ್ರತಿನಿಧಿಗಳಿಗೆ ಆರತಿ ಮಾಡಿ ಕುಂಕುಮ ಹಚ್ಚಾಕ ಮುತ್ತೈದೇರು ಬೇಕಲ್ಲ. ಹಸರ ಸೀರಿ ಉಟ್ಕೊಂಡು ಬರ್ರಿ. ಮಧ್ಯಾಹ್ನದತನ ಕೆಲಸ ಬಿಡಬ್ಯಾಡ್ರಿ ಮತ್ತ."

"ಆಗಲ್ರಿ ಸಾವ್ಕಾರ್ರ. ಅಷ್ಟರ ಮರ್ಯಾದಿ ಕೊಟ್ರಲ್ಲ," ಎಂದಳು ಗದಿಗೆವ್ವ.

ಮರುದಿನ ಬೆಳಿಗ್ಗೆ ಪೇಟೆಗೆ ಗುಂಟೂರು ಕಾಯಿಯ ರಾಶಿ ಬಂದಿತ್ತು. ಅದರ ಖಾರಕ್ಕೆ ಹೆದರಿ, ಅಲ್ಲಿ ಯಾರು ಕೂರಬೇಕೆಂದು ಯಾವಾಗಲೂ ನಮ್ಮಲ್ಲೇ ಜಗಳ. ಅಂದು ಗದಿಗೆವ್ವ ಹಸಿರು ಸೀರೆಯ ನೆರಿಗೆ ಎತ್ತಿ ಕಟ್ಟಿ, ತಾನೇ ಮೊದಲು ಆ ರಾಶಿಯ ಮುಂದೆ ಹೋಗಿ ಕೂತಳು. ನಾವೂ ಕೂತೆವು. ಬೀಜ ಒಡೆಯುವ ಹಾಗೆ ಮುರಿದೆವು.

ಮಧ್ಯಾಹ್ನ ತಗಡಿನ ಕೆಳಗೆ ಪ್ರತಿನಿಧಿಗಳು ಸಾಲಾಗಿ ಕೂತರು. ಶೆಕೆಗೆ ಹಣೆಗಳು ಹೊಳೆಯುತ್ತಿದ್ದವು. ಗದಿಗೆವ್ವ ಆರತಿ ಬೆಳಗಿ, ಉಂಗುರ ಬೆರಳಿನಿಂದ ಕುಂಕುಮ ತೆಗೆದು, ಹುಬ್ಬಿನ ನಡುವೆ ಭಕ್ತಿಯಿಂದ ತಿಕ್ಕಿ ಹಚ್ಚಿದಳು.

"ಇನ್ನೊಂದೀಟು ದೊಡ್ಡದು ಹಚ್ಚವ್ವ, ಫೋಟೋದಾಗ ಕಾಣಬೇಕು," ಎಂದರು ವಕೀಲರು. ಅವರಿಗೆ ಇನ್ನೊಂದಿಷ್ಟು ಸಿಕ್ಕಿತು.

ಸಾಲಿನ ಕೊನೆಗೆ ಕೊಟ್ರೇಶ. ಅವನು ಅವಳ ಬೆರಳು ನೋಡಿದ. "ಯಕ್ಕಾ... ಕೈ ತೊಳದೀಯೇನ?"

"ನಳಕ್ಕ ಕೀಲಿ ಐತಲ್ಲೋ ತಮ್ಮಾ. ಕಲಮು ಮುರಿಯೂ ಮಂದಿ ನಾವಲ್ಲ," ಎಂದು ಅವನಿಗೂ ಹಚ್ಚಿದಳು.

ವಕೀಲರು ಭಾಷಣಕ್ಕೆ ಎದ್ದರು. "ಇಂದು ಇತಿಹಾಸ..." ಎನ್ನುವಷ್ಟರಲ್ಲಿ ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು. ಉಜ್ಜಿಕೊಂಡರು. ಸೋಮಣ್ಣನವರು ಉಜ್ಜಿಕೊಂಡರು. ಮೋಟೆಬೆನ್ನೂರಿನವರು ಅಜ್ಜನನ್ನೂ ಮರೆತು ಅವ್ವನನ್ನು ಕೂಗಿದರು. ಫೋಟೋದವನು ಬಿಡದೆ ಕ್ಲಿಕ್ಕಿಸಿದ. ಮರುದಿನದ ಪತ್ರಿಕೆಯಲ್ಲಿ ಆ ಫೋಟೋದ ಕೆಳಗೆ, "ಶ್ರಮಿಕರ ಸಂವಿಧಾನ ಅಂಗೀಕಾರ: ಪ್ರತಿನಿಧಿಗಳ ಆನಂದಬಾಷ್ಪ" ಎಂದಿತ್ತು.

ಎಲ್ಲರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ನಳದ ಕಡೆ ಓಡಿದರು. ಕೊಟ್ರೇಶ ಕಣ್ಣು ಮುಚ್ಚಿಕೊಂಡೇ ತಡಕಾಡಿ ಬೀಗ ತೆಗೆದ. ನೀರು ಬಂತು. ಅಷ್ಟರಲ್ಲಿ ಜೋಳಿಗೆಯಲ್ಲಿ ಕೂಸು ಅತ್ತಿತು.

ಗದಿಗೆವ್ವ ನಳಕ್ಕೆ ಬೆನ್ನು ಕೊಟ್ಟು ನಿಂತಳು. ಅವಳ ಪಕ್ಕಕ್ಕೆ ಮುಮ್ತಾಜಬಿ, ಆಮೇಲೆ ನಾವೆಲ್ಲ.

"ಹುಮಾ, ಬಾ. ಮೊದಲ ನೀ ತೊಳಕೋ."

"ಸರಿಯಲೇ ಬೋಸುಡಿ! ಕಣ್ಣು ಹೊಂಟಾವು ನಿಮ್ಮೌನ್!" ಸೋಮಣ್ಣನವರು ಗಾಳಿಯಲ್ಲಿ ಕೈ ಬೀಸಿದರು.

"ಪಾಳಿ ಹಚ್ಚರಿ ಸಾವ್ಕಾರ್ರ," ಎಂದಳು ಗದಿಗೆವ್ವ. "ಸಮುದ್ರ ಭಾಳ ಬಿರುಸೈತಿ. ಈಗ ದೋಣಿ ಇಳಸಬಾರದು."

ಹುಮಾ ನೀರಿಗೆ ಕೈಯೊಡ್ಡಿ, ಒಂದೊಂದೇ ಬೆರಳನ್ನು ನಿಧಾನವಾಗಿ ತೊಳೆಯತೊಡಗಿದಳು.