ಆರಿಸಿದ ಅಣಬೆ

ನನ್ನ ತಮ್ಮ ಅಡುಗೆಯವನು. ಒಂದು ಊರಿನಲ್ಲಿ ಎರಡು ತಿಂಗಳು, ಮತ್ತೊಂದು ಊರಿನಲ್ಲಿ ಮೂರು ತಿಂಗಳು, ಹೀಗೆ ಇಪ್ಪತ್ತೆರಡು ವರ್ಷ ಅಲೆದ. ಹೊಸ ಹೋಟೆಲು ತೆರೆಯುವವರು ಅವನನ್ನು ಕರೆಸುತ್ತಿದ್ದರು. ಒಲೆ ಎಲ್ಲಿರಬೇಕು, ಪಾತ್ರೆ ತೊಳೆಯುವ ತೊಟ್ಟಿ ಎಲ್ಲಿರಬೇಕು ಎಂಬುದನ್ನೆಲ್ಲ ಅವನೇ ಗೊತ್ತುಮಾಡಿ, ಅಲ್ಲಿನ ಅಡುಗೆಯವರ ಕೈ ಪಳಗಿಸುತ್ತಿದ್ದ. ಹೋಟೆಲು ತನ್ನ ಪಾಡಿಗೆ ತಾನು ನಡೆಯತೊಡಗಿದ ಮೇಲೆ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದ. ಅವನು ಕೂತು ಉಂಡದ್ದನ್ನು ನಾನು ಕಂಡದ್ದು ಕಡಿಮೆ. ನಿಂತೇ ತಿನ್ನುತ್ತಿದ್ದ, ಒಂದು ಕಣ್ಣು ಒಲೆಯ ಮೇಲೆ.

"ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ಕಣೋ" ಎಂದರೆ, "ಚಕ್ರ ಇದೆ ಅಕ್ಕ, ಬ್ರೇಕ್ ಕೊಡೋದನ್ನ ದೇವರು ಮರೆತ" ಎನ್ನುತ್ತಿದ್ದ. ಮದುವೆಯ ಮಾತೆತ್ತಿದರೆ, "ವರ್ಷಕ್ಕೆ ನಾಲ್ಕು ವಿಳಾಸ ಇರೋನಿಗೆ ಯಾರು ಕೊಡ್ತಾರೆ ಹೆಣ್ಣು?" ಎಂದು ಜಾರಿಕೊಳ್ಳುತ್ತಿದ್ದ. ನಮ್ಮ ತಾಯಿ ಹೋದಾಗ ಅವನಿಗೆ ಆರು ವರ್ಷ, ನನಗೆ ಇಪ್ಪತ್ತೆರಡು. ಅವನನ್ನು ಬೆಳೆಸಿದವಳು ನಾನು. ಅವನು ಮನೆಯೆಂದು ಬರುತ್ತಿದ್ದುದು ನನ್ನ ಎರಡು ಕೋಣೆಗಳಿಗೇ.

ನಲವತ್ತು ದಾಟಿದ ಮೇಲೆ ಅವನಿಗೊಂದು ಆಸೆ ಹತ್ತಿತು. ಸ್ವಂತದ್ದೊಂದು ಜಾಗ, ಹದಿನಾರು ಕುರ್ಚಿ, ವಾರಕ್ಕೊಂದು ದಿನ ರಜೆ. "ಊರೂರಿಗೆ ಅಡುಗೆಮನೆ ಕಟ್ಟಿಕೊಟ್ಟೆ. ಒಂದರ ಬಾಗಿಲನ್ನಾದ್ರೂ ರಾತ್ರಿ ನಾನೇ ಮುಚ್ಬೇಕು, ಬೆಳಿಗ್ಗೆ ನಾನೇ ತೆಗೀಬೇಕು" ಎನ್ನುತ್ತಿದ್ದ. ನಮ್ಮ ಬೀದಿಯ ಮೂಲೆಯಲ್ಲಿ ಹಿಂದೆ ದರ್ಜಿಯೊಬ್ಬ ಇದ್ದ ಮಳಿಗೆ ಖಾಲಿಯಾದಾಗ ಅವನು ನಾಲ್ಕು ಬಾರಿ ಅದರ ಮುಂದೆ ಓಡಾಡಿ, ಕೊನೆಗೆ ಕಟ್ಟಡದ ಯಜಮಾನನನ್ನು ಹಿಡಿದ. ಯಜಮಾನ ಊಟದ ರುಚಿ ಬಲ್ಲವನು, ಮಾತಿನಲ್ಲಿಯೂ ಗಟ್ಟಿಗ. ಮಳಿಗೆಯ ಮೇಲೆ ಇನ್ನಿಬ್ಬರ ಕಣ್ಣಿತ್ತು.

"ಭಾನುವಾರ ನಿಮ್ಮಕ್ಕನ ಮನೆಗೆ ಊಟಕ್ಕೆ ಮನೆಮಂದಿ ಎಂಟು ಜನ ಬರ್ತೀವಿ. ನಾಲಿಗೆ ಒಪ್ಪಿದ್ರೆ ಕೈ ಕೊಡ್ತೀನಿ" ಎಂದ.

"ಕೈ ಕೊಡ್ಬೇಡಿ ಯಜಮಾನ್ರೇ, ಬೀಗದ ಕೈ ಕೊಡಿ" ಎಂದ ನನ್ನ ತಮ್ಮ. ಯಜಮಾನ ಬಾಗಿಲು ಹಿಡಿದುಕೊಂಡು ನಕ್ಕ.

ತಮ್ಮ ಶುಕ್ರವಾರ ಬಂದಿಳಿದಿದ್ದ. ಸೋಮವಾರ ಮತ್ತೊಂದು ಊರಿಗೆ ಹೊರಡಬೇಕಿತ್ತು. ನಡುವಿನ ಎರಡು ದಿನದಲ್ಲಿ ಅವನ ಮುಂದಿನ ಬದುಕು ತೀರ್ಮಾನವಾಗಬೇಕಿತ್ತು.

ಅವನದೊಂದು ನೇಮವಿತ್ತು. ಯಾರಿಗೆ ಏನು ಬಡಿಸಬೇಕಿದ್ದರೂ ಹಿಂದಿನ ದಿನವೇ ಅದನ್ನು ಮಾಡಿ, ಒಂದು ತಟ್ಟೆ ತುಂಬ ತಾನೊಬ್ಬನೇ ಉಣ್ಣುತ್ತಿದ್ದ. ಬೇರೆಯವರಿಗೆ ಚಮಚದಷ್ಟೂ ಕೊಡುತ್ತಿರಲಿಲ್ಲ. "ನಾನು ಉಂಡು, ಅದರ ಮೇಲೆ ಒಂದು ರಾತ್ರಿ ಕಳೀಬೇಕು. ಆಮೇಲೆ ಮಿಕ್ಕೋರು" ಎನ್ನುತ್ತಿದ್ದ.

ಭಾನುವಾರದ ಊಟಕ್ಕೆ ಮುಖ್ಯವಾದದ್ದು ಕಾಡಿನ ಅಣಬೆ. ಅದನ್ನು ತಂದುಕೊಡುತ್ತಿದ್ದವಳು ಒಬ್ಬ ಮುದುಕಿ. ನಾವು ಅಣಬೆಯಮ್ಮ ಎನ್ನುತ್ತಿದ್ದೆವು. ಕಾಡಿನಿಂದ ಬಂದ ಅಣಬೆಯನ್ನು ಹಾಗೆಯೇ ಒಲೆಗೆ ಹಾಕುವಂತಿಲ್ಲ. ಒಂದೊಂದನ್ನೂ ಬೋರಲು ಮಾಡಿ, ಬುಡದಲ್ಲಿ ಚೀಲದಂತಹದು ಇದೆಯೇ ಎಂದು ನೋಡಿ, ಇದ್ದರೆ ಎಸೆಯಬೇಕು. ಅದು ವಿಷ. ಅಣಬೆಯಮ್ಮನೇ ಪ್ರತಿಸಲವೂ ಎಚ್ಚರಿಸುತ್ತಿದ್ದಳು: "ನನ್ ಕಣ್ಣು ಮಂಜು ತಾಯಿ. ನೀವು ಇನ್ನೊಂದ್ಸಲ ಆರಿಸ್ಕೊಳ್ಳಿ." ಈ ಕೆಲಸವನ್ನು ತಮ್ಮ ನನಗೆ ಕಲಿಸಿದ್ದ. ಎಷ್ಟೋ ಸಲ ನಾನೇ ಆರಿಸಿ ಕೊಟ್ಟಿದ್ದೆ, ಅವನು ಕಣ್ಣುಮುಚ್ಚಿ ನಂಬಿದ್ದ.

ಶನಿವಾರ ಬೆಳಿಗ್ಗೆ ಮಳೆ. ಅಣಬೆಯಮ್ಮ ತಂದ ಬುಟ್ಟಿಯಿಂದ ನೀರು ಸೋರುತ್ತಿತ್ತು. ತಮ್ಮ ಒಲೆ ಕೂಡಿಸುವವರನ್ನು ಕರೆದುಕೊಂಡು ಮಳಿಗೆಯ ಅಳತೆ ನೋಡಲು ಹೋಗಿದ್ದ. ಒದ್ದೆಯಲ್ಲಿ ಬಿಟ್ಟರೆ ಅಣಬೆ ಲೋಳೆಯಾಗುತ್ತದೆಂದು ನಾನು ಜಮಖಾನದ ಮೇಲೆ ಬಿಳಿ ಬಟ್ಟೆ ಹಾಸಿ, ಗಾಳಿಗೆ ಆರಲೆಂದು ಅಷ್ಟನ್ನೂ ಹರಡಿದೆ. ನೆರೆಮನೆಯ ಪ್ರಾರ್ಥನೆಗೆ ಹೋಗಿಬಂದು, ನೀರು ಆರಿದ ಮೇಲೆ ಒಂದೊಂದಾಗಿ ನೋಡಿದರಾಯಿತು ಎಂದುಕೊಂಡೆ. ಆಗ ಅವನ ಫೋನು ಬಂತು.

"ಅಕ್ಕ, ಅಣಬೆ ಬಂತಾ?"

"ಬಂತು ಕಣೋ. ಆರಿಸಿದೀನಿ."

"ಎಲ್ಲಾನೂ?"

"ಎಲ್ಲಾನೂ. ಒಂದೂ ಬಿಟ್ಟಿಲ್ಲ."

"ನಮ್ಮಕ್ಕ ಅಂದ್ರೆ ಅಕ್ಕ! ಸರಿ, ಬಂದವನೇ ಶುರು ಹಚ್ಕೋತೀನಿ."

ನಾನು ಹೇಳಿದ ಆರಿಸುವುದು ನೀರು ಆರಿಸುವುದು. ಅವನು ಕೇಳಿಸಿಕೊಂಡದ್ದು ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಆರಿಸುವುದು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಅರವತ್ತೆರಡು ವರ್ಷ ಅದನ್ನು ಆಡಿದ ನನಗೆ ಆ ಕ್ಷಣ ಅದು ಹೊಳೆಯಲಿಲ್ಲ.

ಪ್ರಾರ್ಥನೆ ಮುಗಿಸಿ ಬಂದಾಗ ಬಟ್ಟೆ ಬರಿದಾಗಿತ್ತು. ತಮ್ಮ ಅಡುಗೆಮನೆಯಲ್ಲಿ ಹೆಚ್ಚುತ್ತಿದ್ದ. ಅವನ ಕೈ ಎಷ್ಟು ವೇಗವೆಂದರೆ ಚಾಕು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ.

"ಆರಿಸಿದ್ದು ಆಯ್ತೇನೋ?" ಎಂದೆ.

"ಆಯ್ತಲ್ಲಕ್ಕ" ಎಂದ, ತಲೆ ಎತ್ತದೆ.

ಬಂದವನು ತಾನೇ ಆರಿಸಿಕೊಂಡಿದ್ದಾನೆ ಎಂದು ತಿಳಿದೆ. ನಾನು ಆರಿಸಿದ್ದರ ಮಾತೆತ್ತುತ್ತಿದ್ದೇನೆ ಎಂದು ಅವನು ತಿಳಿದ. ಮಧ್ಯಾಹ್ನ ತಟ್ಟೆ ತುಂಬ ಬಡಿಸಿಕೊಂಡು, ಅಪರೂಪಕ್ಕೆ ಕುರ್ಚಿ ಎಳೆದುಕೊಂಡು ಕೂತು ಉಂಡ. "ನಾಳೆ ಯಜಮಾನ ತಟ್ಟೆ ನೆಕ್ಕದೇ ಇದ್ರೆ ನನ್ನ ಹೆಸರು ಬದಲಾಯಿಸು" ಎಂದ.

ಭಾನುವಾರ ಬೆಳಗಾಗುವ ಹೊತ್ತಿಗೆ ಅವನಿಗೆ ವಾಂತಿ, ಭೇದಿ, ನಿಲ್ಲಲಾರದಷ್ಟು ನಿಶ್ಶಕ್ತಿ. ಯಜಮಾನನಿಗೆ ಬರಬೇಡಿರೆಂದು ಹೇಳಿಕಳಿಸಿ ಆಸ್ಪತ್ರೆಗೆ ಕರೆದೊಯ್ದೆ. ಏನು ತಿಂದಿರಿ ಎಂದು ಡಾಕ್ಟರು ಕೇಳಿದರು. ಅಣಬೆ ಎಂದ ಕೂಡಲೇ ಅವರ ಮುಖ ಬದಲಾಯಿತು.

ತಮ್ಮ ನನ್ನ ಕಡೆ ತಿರುಗಿದ. "ಅಕ್ಕ, ನೀನು ಆರಿಸಿದೀನಿ ಅಂದ್ಯಲ್ಲ. ಚೀಲದ್ದು ಯಾವುದೂ ಸಿಗಲಿಲ್ವಾ?"

"ನಾನು ಬಟ್ಟೆ ಮೇಲೆ ಆರಿಸಿದ್ದೆ ಕಣೋ. ಒದ್ದೆ ಇತ್ತಲ್ಲ" ಎಂದೆ. ಹೇಳುತ್ತಿರುವಾಗಲೇ ಆ ಮಾತಿನ ಇನ್ನೊಂದು ಅರ್ಥ ಹೊಳೆಯಿತು.

ಅವನಿಗೂ ಅರ್ಥವಾಯಿತು. ಆಮೇಲೆ ನಕ್ಕ. "ಇಪ್ಪತ್ತೆರಡು ವರ್ಷ ಭಾಷೆ ಬಾರದೋರ ಅಡುಗೆಮನೆಯಲ್ಲಿ ಕೈಸನ್ನೆ ಮಾಡ್ಕೊಂಡು ಬದುಕಿದೆ. ಕೊನೆಗೆ ಮನೆ ಮಾತಲ್ಲಿ ಸಿಕ್ಕಾಕೊಂಡೆ ನೋಡು." ನಾನು ಅಳತೊಡಗಿದಾಗ, "ಸುಮ್ನಿರಕ್ಕ. ಎಂಟು ಜನ ಉಣ್ಣಬೇಕಿತ್ತು. ಒಬ್ಬ ಉಂಡ" ಎಂದ.

ಸೋಮವಾರ ವಾಂತಿ ನಿಂತಿತು. ಎದ್ದು ಕೂತು ಗಂಜಿ ಕುಡಿದು, ಫೋನು ತೆಗೆದುಕೊಂಡು ಯಜಮಾನನೊಡನೆ ಮಾತಾಡಿದ. ಮುಂದಿನ ಭಾನುವಾರದವರೆಗೆ ಮಳಿಗೆಯನ್ನು ಯಾರಿಗೂ ಕೊಡುವುದಿಲ್ಲವೆಂದು ಯಜಮಾನ ಒಪ್ಪಿದ. ಗೋಡೆಗೆ ಸುಣ್ಣದ ಬಿಳಿಯೇ ಸಾಕು, ಬಣ್ಣ ಬೇಡ ಎಂದೂ ತೀರ್ಮಾನವಾಯಿತು. ನಾನು ದೇವರಿಗೆ ಕೈಮುಗಿದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇದನ್ನ ನೆಚ್ಕೋಬೇಡಿ ಅಮ್ಮ. ಈ ವಿಷ ಒಂದು ದಿನ ಸುಮ್ಮನಿರುತ್ತೆ, ಒಳಗೆ ಲಿವರ್ ತಿಂತಾ ಇರುತ್ತೆ" ಎಂದರು. ಒಳಗೆ ಹೋದಾಗ ಅವನು ಕುರ್ಚಿಗಳ ಲೆಕ್ಕ ಹಾಕುತ್ತಿದ್ದ. ಹದಿನೆಂಟು ಹಿಡಿಯಬಹುದೇನೋ ಎಂದ. ಹಿಡಿಯುತ್ತದೆ ಎಂದೆ.

ಮಂಗಳವಾರ ಕಣ್ಣು ಹಳದಿಯಾಯಿತು. ಬುಧವಾರ ನನ್ನನ್ನು ಅಮ್ಮಾ ಎಂದು ಕರೆದ. ಗುರುವಾರ ಬೆಳಿಗ್ಗೆ ಹೋದ. ಮನುಷ್ಯನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎಂದು ನೆರೆಯವರು ಸಮಾಧಾನ ಹೇಳಿದರು. ದೈವದ ಮೇಲೆ ಹೊರಿಸಲು ನನಗೆ ಬಾಯಿ ಬರಲಿಲ್ಲ.

ಬೀದಿಯವರು ಹೊರಿಸಿದ್ದು ಅಣಬೆಯಮ್ಮನ ಮೇಲೆ. ಕುರುಡಿ ವಿಷ ಮಾರಿ ಕೊಂದಳು ಎಂದರು. ಸಂತೆಯಲ್ಲಿ ಯಾರೋ ಅವಳ ಬುಟ್ಟಿಯನ್ನು ಒದ್ದರಂತೆ. ವಿಚಾರಣೆಗೆಂದು ಮನೆಗೆ ಬಂದ ಅಧಿಕಾರಿಯೂ ಅವಳ ಹೆಸರನ್ನು ಆಗಲೇ ಬರೆದುಕೊಂಡು ಬಂದಿದ್ದ. ನಾನು ನಡೆದದ್ದನ್ನು ನಡೆದಂತೆ ಹೇಳಿದೆ.

"ಬಿಡಿ ಅಮ್ಮ, ಈ ವಯಸ್ಸಲ್ಲಿ ನಿಮ್ಮನ್ನ ಯಾಕೆ ಎಳೀಬೇಕು" ಎಂದು ಅವನು ಪೆನ್ನು ಮುಚ್ಚಿದ.

"ಬರ್ಕೊಳ್ಳಿ" ಎಂದೆ. "ಅವಳು ಎಚ್ಚರಿಸಿದ್ದಳು. ಆರಿಸಬೇಕಾದವಳು ನಾನು." ಅವನು ಬರೆದುಕೊಂಡ. ಕೆಳಗೆ ರುಜು ಹಾಕಿದೆ.

ಮರುದಿನ ಸಂತೆಗೆ ಹೋದೆ. ಅಣಬೆಯಮ್ಮ ಗೋಡೆಗೆ ಒರಗಿ ಕೂತಿದ್ದಳು. ಬುಟ್ಟಿಯಲ್ಲಿದ್ದ ಅಣಬೆ ಅಂಚಿನಲ್ಲಿ ಕಪ್ಪಗಾಗಿತ್ತು. ಹತ್ತು ದಿನದಿಂದ ವ್ಯಾಪಾರವಿರಲಿಲ್ಲ. ಪಕ್ಕದ ತರಕಾರಿಯವರಿಗೂ ಕೇಳುವಂತೆ, ತಪ್ಪು ಇವಳದಲ್ಲ ನನ್ನದು ಎಂದು ಹೇಳಿದೆ. ಜನ ನಿಂತು ಕೇಳಿದರು. ಕೆಲವರು ಕಣ್ಣೊರೆಸಿಕೊಂಡರು. ಒಬ್ಬಳು ಬಂದು ನನ್ನ ಕೈ ಹಿಡಿದುಕೊಂಡು, ದುಃಖದಲ್ಲಿ ಹೀಗೆಲ್ಲ ಅನಿಸುತ್ತದೆ ಎಂದು ಹೇಳಿ ಹೋದಳು.

"ನಿಂದು ಮುಗೀತಾ ತಾಯಿ?" ಎಂದಳು ಅಣಬೆಯಮ್ಮ. "ನೀ ಸತ್ಯ ಹೇಳ್ದೆ, ಪುಣ್ಯ ಬರ್ಲಿ. ಆದ್ರೆ ಹೆಣ ಬಿದ್ದ ಬುಟ್ಟೀಲಿ ಯಾರು ಕೈ ಹಾಕ್ತಾರೆ?"

ನಾನು ಅವಳ ಪಕ್ಕದಲ್ಲಿ ಕೂತೆ. ಸಂಜೆಯವರೆಗೆ ಯಾರೂ ಕೊಳ್ಳಲಿಲ್ಲ.