ತಂಗಿಯ ದನಿ ಇದ್ದ ರೆಕಾರ್ಡು

ಡಿಪೋ ಎದುರಿನ ಹಳೆಯ ರೆಕಾರ್ಡುಗಳ ಅಂಗಡಿಯಿಂದ ತನ್ನದೇ ದನಿ ಕೇಳಿಬಂದಾಗ ಬಸ್ ಓಡಿಸುವ ಆ ಹೆಂಗಸು ನಡುರಸ್ತೆಯಲ್ಲೇ ನಿಂತುಬಿಟ್ಟಳು. ಹಿಂದಿನಿಂದ ಬಂದ ಸ್ಕೂಟರಿನವನು ಬೈದುಕೊಂಡು ಹೋದ. ದಿನವಿಡೀ ಬೇರೆಯವರನ್ನು ಹಾಗೆ ಬೈಯುವವಳು ಅವಳೇ. ಅಂದು ಮಾತ್ರ ಬೈಗುಳ ಅವಳ ಕಿವಿಗೇ ಬೀಳಲಿಲ್ಲ.

ಹರೆಯದಲ್ಲಿ ಅವಳೂ ಅವಳ ಅಕ್ಕನೂ ಸೇರಿ ಒಂದು ಸೋಲ್ ಹಾಡು ಹಾಡಿದ್ದರು. ಹೊಟ್ಟೆಯ ಆಳದಿಂದ ದನಿ ಎತ್ತಿ, ಕೇಳುವವರ ಕಾಲು ಸುಮ್ಮನಿರದಂತೆ ಮಾಡುವ ಸಂಗೀತ ಅದು. ಅಕ್ಕನದು ಮೊದಲ ದನಿ, ತಂಗಿಯದು ಜೊತೆದನಿ. ರೆಕಾರ್ಡು ಹೊರಬಂದ ಬೆನ್ನಿಗೇ ಕಂಪನಿ ಬಾಗಿಲು ಹಾಕಿತು. ಹಾಡಿದವರ ಕೈಗೆ ಒಂದು ಪ್ರತಿಯೂ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಕ್ಕ ಹಳೆ ಸಾಮಾನಿನ ಬೀದಿಯಲ್ಲಿ ಅದನ್ನು ಕಂಡು, ಹಿಗ್ಗಿ ಮನೆಗೆ ತಂದಳು. ಹಾಕಿ ಕೇಳಿದರೆ ಅಕ್ಕನ ದನಿ ಇದೆ, ತಂಗಿಯದು ಹುಡುಕಿದರೂ ಇಲ್ಲ.

"ನೀನೇ ಹೇಳಿ ತೆಗೆಸಿದ್ದೀಯ," ಎಂದಳು ತಂಗಿ.

"ನಿನ್ನಾಣೆ, ನಂಗೇನೂ ಗೊತ್ತಿಲ್ಲ ಕಣೇ," ಎಂದಳು ಅಕ್ಕ.

ತಂಗಿ ನಂಬಲಿಲ್ಲ. ಆಮೇಲೆ ಇಬ್ಬರೂ ಹಾಡಲಿಲ್ಲ. ಮದುವೆಗೋ ಸಾವಿಗೋ ಒಂದೇ ಮನೆಯಲ್ಲಿ ಸೇರಿದರೆ "ಊಟ ಆಯ್ತಾ" ಎನ್ನುವಷ್ಟು ಮಾತು ಮಾತ್ರ ಉಳಿದಿತ್ತು.

ಈಗ ಅದೇ ಹಾಡು, ಜೊತೆದನಿಯ ಸಮೇತ. ಅವಳು ಯೂನಿಫಾರ್ಮಿನಲ್ಲೇ ಅಂಗಡಿಗೆ ನುಗ್ಗಿದಳು. ಅಂಗಡಿಯವನು ಕಡ್ಡಿಯಂತಿದ್ದ; ಗಿರಾಕಿಗಳೆಲ್ಲ ಅವನನ್ನು ಸೂಜಿ ಎಂದೇ ಕರೆಯುತ್ತಿದ್ದರು.

"ಇದು ನಿಮಗೆಲ್ಲಿ ಸಿಕ್ತು?"

"ರೇಡಿಯೋದಲ್ಲಿದ್ದ ಒಬ್ಬರ ಮನೇಲಿ. ಅಸಲಿ ಇದು, ಸುಲಭಕ್ಕೆ ಸಿಗಲ್ಲ. ಯಾಕಮ್ಮ?"

"ಈ ಎರಡನೇ ದನಿ ನಂದು. ನಮ್ಮಕ್ಕನ ಹತ್ರ ಇರೋ ರೆಕಾರ್ಡಲ್ಲಿ ಇದೇ ಇಲ್ಲ."

ಸೂಜಿ ಅವಳ ಮುಖವನ್ನೇ ನೋಡಿದ. "ಆ ರೆಕಾರ್ಡು ತನ್ನಿ. ನಂಗೇನೋ ಅನುಮಾನ," ಎಂದ.

ಅಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ಆಸ್ಪತ್ರೆಯ ಕೋಟುಗಳಿಗೆ ಗುಂಡಿ ಹಾಕುತ್ತಿದ್ದಳು. ಬಾಗಿಲಲ್ಲಿ ತಂಗಿಯನ್ನು ಕಂಡು, "ಯಾರಿಗೇನಾಯ್ತು?" ಎಂದಳು.

"ಯಾರಿಗೂ ಏನೂ ಆಗಿಲ್ಲ. ಆ ರೆಕಾರ್ಡು ಕೊಡು."

"ಒಡೆದು ಹಾಕೋಕಾ?"

"ಅಷ್ಟು ಭಯ ಇದ್ರೆ ನೀನೂ ಬಾ, ಕಾವಲಿಗೆ."

ಅಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಸೂಜಿ ಎರಡು ರೆಕಾರ್ಡುಗಳನ್ನೂ ದೀಪದ ಕೆಳಗೆ ಅಕ್ಕಪಕ್ಕ ಇಟ್ಟ. ಗೆರೆಗಳು ಮುಗಿದು ಕಾಗದದ ಬಿಲ್ಲೆ ಶುರುವಾಗುವ ನಡುವೆ ನುಣ್ಣನೆಯ ಬಳೆಯಂಥ ಜಾಗವಿರುತ್ತದೆ. ಅಸಲಿಯಲ್ಲಿ ಅಲ್ಲಿ ಯಾರೋ ಅವಸರದಲ್ಲಿ ಕೈಯಿಂದಲೇ ಗೀಚಿದ ಅಂಕಿಗಳಿದ್ದವು. ಅಕ್ಕನದರಲ್ಲಿ ಅವೇ ಅಂಕಿಗಳು ಮಗ್ಗಿ ಪುಸ್ತಕದಲ್ಲಿರುವಷ್ಟು ನೀಟಾಗಿದ್ದವು. ಅದರ ಬಿಲ್ಲೆಯ ಮೇಲಿನ ಸಣ್ಣ ಅಕ್ಷರಗಳ ಹೊಟ್ಟೆಯಲ್ಲಿ ಮಸಿ ತುಂಬಿಕೊಂಡಿತ್ತು.

"ಇದು ನಕಲು. ಬಿಲ್ಲೆಯ ಫೋಟೋ ತೆಗೆದು ಅದನ್ನೇ ಅಚ್ಚು ಹಾಕಿದ್ದಾರೆ, ಅದಕ್ಕೇ ಹೀಗೆ," ಎಂದ ಸೂಜಿ. ಆಮೇಲೆ ಅಕ್ಕನ ರೆಕಾರ್ಡನ್ನು ಹಾಕಿದ. ಹಾಡಿಗೆ ಮೊದಲೇ ಟಿಕ್ ಟಿಕ್ ಎಂದಿತು. "ಗೀರಿನ ಸದ್ದು ಕೇಳಿಸ್ತಲ್ಲ? ಈಗ ಅಲ್ಲಿ ಉಗುರಾಡಿಸಿ ನೋಡಿ."

ತಂಗಿ ಉಗುರಾಡಿಸಿದಳು. ಏನೂ ಸಿಗಲಿಲ್ಲ.

"ಗೀರು ಇದರದ್ದಲ್ಲ. ಯಾವುದೋ ಸವೆದ ರೆಕಾರ್ಡಿಂದ ಹಾಡು ಇಳಿಸ್ಕೊಂಡಿದ್ದಾರೆ, ಅದರ ಗೀರೂ ಜೊತೆಗೇ ಬಂದಿದೆ. ಅಸಲಿಯಲ್ಲಿ ಎಡಗಡೆ ಸ್ಪೀಕರಿಗೆ ಅಕ್ಕನ ದನಿ, ಬಲಗಡೆಗೆ ನಿಮ್ಮದು. ನಕಲು ಮಾಡಿದೋನು ಎಡಗಡೆ ತಂತಿ ಮಾತ್ರ ಸಿಗಿಸಿದ್ದಾನೆ. ನೀವು ಹೊರಗೇ ಉಳಿದ್ರಿ."

ಅಕ್ಕ ಸ್ಟೂಲಿನ ಮೇಲೆ ಕೂತಳು. "ಆಣೆ ಹಾಕಿ ಹೇಳಿದ್ದೆ," ಎಂದಳು ಮೆಲ್ಲಗೆ.

ತಂಗಿ ಅಕ್ಕನ ಹೆಗಲ ಮೇಲಿದ್ದ ದಾರದ ತುಣುಕೊಂದನ್ನು ತೆಗೆದು ಹಾಕಿದಳು. ಆಮೇಲೆ ಸೂಜಿಯ ಕಡೆ ತಿರುಗಿ, "ಇದನ್ನ ಮಾಡಿದೋನು ಯಾರು?" ಎಂದಳು.

"ಮಾಡಿದೋನು ಗೊತ್ತಿಲ್ಲ. ಮಾರೋನು ಗೊತ್ತು. ಭಾನುವಾರದ ರೆಕಾರ್ಡು ಮೇಳದಲ್ಲಿ ಸಿಗ್ತಾನೆ."

"ಬಿಡೇ ಅತ್ಲಾಗೆ," ಎಂದಳು ಅಕ್ಕ. "ಈ ವಯಸ್ಸಲ್ಲಿ ಯಾಕೆ ರಂಪ?"

"ರಂಪ ಮಾಡಿದೋನು ಅವನು. ನಾನು ಕೇಳೋಕೆ ಹೋಗ್ತಿದೀನಿ."

ಮೇಳ ನಡೆಯುತ್ತಿದ್ದುದು ಒಂದು ಸಭಾಂಗಣದಲ್ಲಿ. ಸೂಜಿ ಹೇಳಿದ್ದ ಗಡ್ಡದ ವ್ಯಾಪಾರಿಯ ಮೇಜಿನ ಮೇಲೆ ಅವರ ಹಾಡಿನ ಪ್ರತಿಗಳು ಪೆಟ್ಟಿಗೆ ತುಂಬ ಇದ್ದವು. ಮೇಲೆ "ಅಪರೂಪದ ಅಸಲಿ" ಎಂಬ ಚೀಟಿ. ತಂಗಿ ಒಂದನ್ನೆತ್ತಿ ಬೆಳಕಿಗೆ ಹಿಡಿದಳು.

"ಅಪರೂಪ ಅಂದ್ರೆ ಪೆಟ್ಟಿಗೆಗಟ್ಟಲೆ ಇರುತ್ತಾ? ಇದು ನಕಲು."

"ಹಾಗಂತ ಹೇಳೋಕೆ ನೀವ್ಯಾರಮ್ಮ?"

"ಇದರಲ್ಲಿ ಇಲ್ಲದೇ ಇರೋಳು."

ಗಡ್ಡದವನು ನಕ್ಕ. ಅವಳು ಅವನನ್ನು ಕೇಳದೆಯೇ, ಗಿರಾಕಿಗಳು ಕೇಳಿ ನೋಡಲೆಂದು ಇಟ್ಟಿದ್ದ ಯಂತ್ರಕ್ಕೆ ಸೂಜಿಯಿಂದ ಕೇಳಿ ತಂದಿದ್ದ ಅಸಲಿ ರೆಕಾರ್ಡನ್ನು ಹಾಕಿದಳು. ಎರಡೂ ಸ್ಪೀಕರುಗಳು ಒಟ್ಟಿಗೆ ಬಾಯಿ ತೆರೆದವು. ಸುತ್ತ ಜನ ಸೇರಿದರು. ಮೇಳ ನಡೆಸುವಾತ ಓಡಿಬಂದ.

"ಗಲಾಟೆ ಬೇಡಮ್ಮ, ಹೊರಗೆ ಹೋಗಿ ಮಾತಾಡೋಣ."

"ಹೊರಗ್ಯಾಕೆ? ನಕಲು ಮಾರ್ತಿರೋದು ಒಳಗಲ್ವಾ?"

ಗಡ್ಡದವನು ಸಿಟ್ಟಿನಿಂದ ಪ್ಲಗ್ಗು ಕಿತ್ತ. ಹಾಡು ನಡುವೆಯೇ ನಿಂತಿತು. ತಂಗಿ ನಿಲ್ಲಲಿಲ್ಲ. ನಿಂತ ಸಾಲಿನಿಂದಲೇ ತನ್ನ ಪಾಲನ್ನು ಎತ್ತಿಕೊಂಡು ಹಾಡಿದಳು. ಮೊದಲ ದನಿಯಿಲ್ಲದ ಜೊತೆದನಿ, ಕೇಳುವುದಕ್ಕೆ ಏನೋ ವಿಚಿತ್ರವಾಗಿತ್ತು. ಯಾರೋ ಕಿಸಕ್ಕೆಂದರು. ಅವಳು ಗಡ್ಡದವನ ಮುಖದಿಂದ ಕಣ್ಣು ಕೀಳದೆ ಮುಂದಿನ ಸಾಲಿಗೆ ಹೋದಳು.

ಅಷ್ಟರಲ್ಲಿ, ಬೇಡವೆನ್ನುತ್ತಲೇ ಜೊತೆಗೆ ಬಂದು ಬಾಗಿಲ ಹತ್ತಿರ ಕೈಚೀಲ ಎದೆಗವುಚಿಕೊಂಡು ನಾಚಿ ನಿಂತಿದ್ದ ಅಕ್ಕ ದನಿ ಎತ್ತಿದಳು. ಮೊದಲು ಒಡೆದು ಬಂದ ದನಿ ಆಮೇಲೆ ತುಂಬಿ ಬಂತು. ಜನ ಸರಿದು ದಾರಿ ಬಿಟ್ಟರು. ಅವಳು ಹಾಡುತ್ತಲೇ ಬಂದು ತಂಗಿಯ ಎಡಕ್ಕೆ ನಿಂತಳು. ಇಬ್ಬರೂ ಹಾಡನ್ನು ಕೊನೆಮುಟ್ಟಿಸಿಯೇ ಬಿಟ್ಟರು.

ಮೇಳ ನಡೆಸುವಾತ ಪ್ಲಗ್ಗು ಸಿಗಿಸಿ ಪೆಟ್ಟಿಗೆಯ ಒಂದು ಪ್ರತಿ ಹಾಕಿ ಕೇಳಿದ; ತಂಗಿಯ ದನಿ ಇರಲಿಲ್ಲ. ಅವನು ಗಡ್ಡದವನ ಪೆಟ್ಟಿಗೆಯ ಚೀಟಿ ಕಿತ್ತು, ದಪ್ಪ ಅಕ್ಷರದಲ್ಲಿ "ನಕಲು" ಎಂದು ಬರೆಸಿದ. ಗಡ್ಡದವನು ಗೊಣಗುತ್ತ ಪೆಟ್ಟಿಗೆಯನ್ನು ಮೇಜಿನಡಿಗೆ ತಳ್ಳಿದ.

"ಮೇಜಿನ ಮೇಲಿಡಿ," ಎಂದಳು ತಂಗಿ. "ಓದಿಕೊಂಡು ತಗೊಳ್ಳೋರು ತಗೊಳ್ಳಲಿ."

ಅವನು ಮೇಲಿಡುವ ತನಕ ಇಬ್ಬರೂ ಜಗ್ಗಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಕೊನೇ ಸಾಲಲ್ಲಿ ನೀನು ತಡ ಮಾಡಿದೆ," ಎಂದಳು.

"ನಾನ್ಯಾಕೆ ತಡ ಮಾಡ್ಲಿ? ನೀನೇ ಮೊದಲೇ ಎತ್ತಿದ್ದು."

"ಹಾಡು ಮತ್ತೆ, ನೋಡೋಣ."

ತಂಗಿ ರಸ್ತೆಯಲ್ಲೇ ಶುರುಮಾಡಿದಳು.