ಸದ್ದಿಗೊಬ್ಬ ಜಾಮೀನುದಾರ

ಮೇಲಿನ ಮನೆಯ ಮುದುಕ ನೆಲಕ್ಕೆ ಕೋಲು ಕುಟ್ಟಿದನೆಂದರೆ ಕೆಳಗಿನ ಮನೆಯಲ್ಲಿ ಟ್ರಂಪೆಟ್ ಪಾಠ ಶುರುವಾಯಿತೆಂದೇ ಅರ್ಥ. ಅದಕ್ಕೇ ಕೆಳಗಿನ ಗಂಡ ಹೆಂಡತಿ ಅವನಿಗೆ ಕೋಲಪ್ಪ ಎಂದು ಹೆಸರಿಟ್ಟಿದ್ದರು. ಅವನೇನು ಕಡಿಮೆಯೇ? ಪಾಠ ಹೇಳುವವಳನ್ನು ಇಡೀ ಕಟ್ಟಡಕ್ಕೆ ಕಹಳೆಯಮ್ಮ ಎಂದು ಪರಿಚಯಿಸಿಬಿಟ್ಟಿದ್ದ.

ಕಹಳೆಯಮ್ಮ ಹೊರದೇಶದವಳು. ಪಾಠ ಹೇಳುವ ಕೆಲಸ ಇರುವ ತನಕ ಮಾತ್ರ ಅವಳಿಗೆ ಇಲ್ಲಿರಲು ಪರವಾನಗಿ. ಕೋಲಪ್ಪ ದೂರಿನ ಮೇಲೆ ದೂರು ಕೊಟ್ಟು, ಕೊನೆಗೆ ಕಟ್ಟಡದ ಸಂಘದವರಿಂದ ಒಂದು ನೋಟೀಸು ಹೊರಡಿಸಿದ. ತಿಂಗಳೊಳಗೆ ಸದ್ದು ಹೊರಗೆ ಬರದಂತೆ ಮಾಡಿಕೊಳ್ಳಿ, ಇಲ್ಲವೇ ಪಾಠ ನಿಲ್ಲಿಸಿ. ಪಾಠ ನಿಂತರೆ ಅನ್ನವೂ ನಿಂತಿತು, ಪರವಾನಗಿಯೂ ನಿಂತಿತು. ಉಳಿದದ್ದು ಒಂದೇ ದಾರಿ: ಮನೆಯೊಳಗೇ ತಂದು ಜೋಡಿಸುವ ಪುಟ್ಟದೊಂದು ಸದ್ದುನಿರೋಧಕ ಕೋಣೆ. ಅದರ ಬೆಲೆ ಕೇಳಿ ಲಿಫ್ಟ್ ರಿಪೇರಿಯ ಕೆಲಸದ ಅವಳ ಗಂಡ, "ಇಷ್ಟು ದುಡ್ಡಿಗೆ ಕೋಲಪ್ಪನಿಗೇ ಬೇರೆ ಮನೆ ಮಾಡಿಕೊಡಬಹುದಲ್ಲೇ!" ಎಂದು ಉದ್ಗರಿಸಿದ.

ಸಾಲ ಕೇಳಲು ಬ್ಯಾಂಕಿಗೆ ಹೋದಳು. ಕೂದಲಿಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದ ಸಾಲದ ಅಧಿಕಾರಿ, ಇವಳ ಪರವಾನಗಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಸತ್ತ ಮೀನು ಹಿಡಿದವನ ಹಾಗೆ.

"ಸಾಲ ಐದು ವರ್ಷದ್ದು ಮೇಡಂ. ನಿಮ್ಮ ಪರವಾನಗಿ ಇರೋದು ಇನ್ನೆರಡೇ ವರ್ಷ. ಮಧ್ಯದಲ್ಲಿ ನೀವು ಹೊರಟುಹೋದ್ರೆ?"

"ಹೋಗುವಾಗ ಕೋಣೆನ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀನಾ ಸಾರ್?"

"ಹೋಗಬಹುದಲ್ಲ," ಎಂದ ಆತ ಕೋಣೆ ಮಾರುವ ಕಂಪನಿಯ ಕರಪತ್ರ ತೋರಿಸುತ್ತ. "ಎಲ್ಲಿಗೆ ಬೇಕಾದ್ರೂ ಬಿಚ್ಚಿ ಸಾಗಿಸಬಹುದು ಅಂತ ಇಲ್ಲೇ ಹಾಕಿದಾರೆ. ಈ ದೇಶದ ಪ್ರಜೆ ಒಬ್ಬರನ್ನ ಜಾಮೀನು ತನ್ನಿ, ಆಗ ನೋಡೋಣ."

ನೋಡೋಣವಂತೆ! ವರ್ಷಾನುಗಟ್ಟಲೆ ಇದೇ ಬ್ಯಾಂಕಿನಲ್ಲಿ ಅವಳು ದುಡ್ಡು ಇಟ್ಟಾಗ ಪರವಾನಗಿ ಎಷ್ಟು ವರ್ಷದ್ದೆಂದು ಒಬ್ಬ ನರಪಿಳ್ಳೆಯೂ ಕೇಳಿರಲಿಲ್ಲ. ತೆಗೆದುಕೊಳ್ಳುವಾಗ ಎಲ್ಲರೂ ನೆಂಟರು, ಕೊಡುವಾಗ ಮಾತ್ರ ಹೊರಗಿನವರು.

ಅವಳ ಬಳಗದಲ್ಲಿ ಇಲ್ಲಿಯ ಪ್ರಜೆಯಾದವನು ಒಬ್ಬನೇ, ಮೈದುನ. ಪ್ರಜೆಯಾದ ದಿನದಿಂದ ಅವನ ನಡಿಗೆಯೇ ಬದಲಾಗಿತ್ತು. ಬಂದವರಿಗೆಲ್ಲ ಪಾಸ್‌ಪೋರ್ಟನ್ನು ಹುಟ್ಟಿದ ಮಗುವನ್ನು ತೋರಿಸಿದ ಹಾಗೆ ತೋರಿಸುತ್ತಿದ್ದ. ಇವಳು ವಿಷಯ ತೆಗೆಯುತ್ತಲೇ ಅವನ ಮುಖ ಹರಳೆಣ್ಣೆ ಕುಡಿದಂತಾಯಿತು.

"ಅತ್ತಿಗೆ, ನಿಮಗೆ ನನ್ನ ಪ್ರಾಣ ಬೇಕಾದ್ರೂ ಕೊಡ್ತೀನಿ. ಸಹಿ ಮಾತ್ರ ಕೇಳಬೇಡಿ."

"ಪ್ರಾಣ ನೀನೇ ಇಟ್ಕೊಳ್ಳಪ್ಪ. ಬ್ಯಾಂಕಿನವರು ಅದಕ್ಕೆ ಬೆಲೆ ಕಟ್ಟಲ್ಲ," ಎಂದು ಎದ್ದು ಬಂದಳು.

ಬಾಗಿಲು ತೆಗೆದು ಒಳಗೆ ಬಂದರೆ ಸೂರಿನ ಮೇಲೆ ಕುಟ್, ಕುಟ್. ಗಂಡ ಕಾಫಿ ಚಮಚ ಬೀಳಿಸಿದ್ದಕ್ಕೂ ಮುದುಕ ಕುಟ್ಟುತ್ತಿದ್ದ. ಅವಳ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಒಂದು ಯೋಚನೆಯೂ ಹೊಳೆಯಿತು. ಈ ಕೋಣೆ ನಿಜವಾಗಿ ಬೇಕಾಗಿರುವುದು ಯಾರಿಗೆ? ಬ್ಯಾಂಕಿನವರು ಕೊಟ್ಟಿದ್ದ ಜಾಮೀನು ಪತ್ರ ಹಿಡಿದು ದಡದಡನೆ ಮೆಟ್ಟಿಲು ಹತ್ತಿದಳು.

ಕೋಲಪ್ಪ ಈ ದೇಶದ ಪ್ರಜೆಯೇ, ಸುಂಕದ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಪರರ ಪೆಟ್ಟಿಗೆ ಬಿಚ್ಚಿಸುವುದರಲ್ಲೇ ಆಯುಸ್ಸು ಕಳೆದಿದ್ದ. ಪತ್ರವನ್ನು ಓದಿ ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ನಿನ್ನ ಸಾಲಕ್ಕೆ ನಾನ್ಯಾಕಮ್ಮ ಸಹಿ ಹಾಕಲಿ? ತಲೆ ಕೆಟ್ಟಿದೆಯಾ ನನಗೆ?"

"ನಿದ್ದೆ ಬೇಕಾಗಿರೋದು ನಿಮಗೆ ತಾನೇ ಯಜಮಾನ್ರೇ? ನನಗಂತೂ ಟ್ರಂಪೆಟ್ ಊದಿಕೊಂಡೇ ನಿದ್ದೆ ಬರುತ್ತೆ. ನೋಟೀಸಿಗೆ ಇನ್ನೂ ಟೈಮಿದೆ. ಅಲ್ಲೀ ತನಕ ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮನಸ್ಸು ಬಿಚ್ಚಿ ಊದ್ತೀನಿ."

ಮುದುಕ ಗೊಣಗಿದ, ಹಲ್ಲು ಕಡಿದ, "ಇದು ಬೆದರಿಕೆ" ಎಂದ. ಅವಳು ಹೌದೆಂದಳು. ಊದಿದಳು ಕೂಡ. ಎರಡು ದಿನ ಕಳೆಯುವುದರಲ್ಲಿ ಅವನೇ ಪೆನ್ನು ಹಿಡಿದು ಕೆಳಗಿಳಿದು ಬಂದ.

ಪ್ರಜೆಯ ಸಹಿ ಬಿದ್ದದ್ದೇ ತಡ, ಅಧಿಕಾರಿಯ ಬಾಯಲ್ಲಿ ಜೇನು ಸುರಿಯತೊಡಗಿತು. "ಕೂತ್ಕೊಳ್ಳಿ ಮೇಡಂ, ಕಲೆಗೆ ನಮ್ಮ ಬ್ಯಾಂಕು ಸದಾ ಪ್ರೋತ್ಸಾಹ ಕೊಡುತ್ತೆ!"

ಕೋಣೆ ಬಂತು. ಗೇಣು ದಪ್ಪದ ಗೋಡೆ, ರಬ್ಬರಿನ ಅಂಚಿನ ಬಾಗಿಲು, ಬಾಗಿಲಲ್ಲೊಂದು ಪುಟ್ಟ ಗಾಜು, ಒಳಗೆ ಎರಡು ಸ್ಟೂಲು ಹಿಡಿಯುವಷ್ಟು ಜಾಗ. ಹಜಾರದ ಅರ್ಧವನ್ನು ಅದೇ ನುಂಗಿತು. ಮೊದಲ ದಿನ ಅವಳು ಒಳಗೆ ನಿಂತು ಎದೆ ಬಿರಿಯುವಂತೆ ಊದಿದಳು. ಗಾಜಿನಾಚೆ ನಿಂತ ಗಂಡನಿಗೆ ಉಬ್ಬಿದ ಕೆನ್ನೆ ಮಾತ್ರ ಕಂಡಿತಂತೆ. ಅವಳಿಗೆ ಖುಷಿಯೇನೋ ಆಯಿತು, ಆದರೆ ಜೀವನವಿಡೀ ಕಲಿತ ವಿದ್ಯೆಯನ್ನು ಒಂದು ಪೆಟ್ಟಿಗೆಗೆ ತುಂಬಿ ಬಾಗಿಲು ಹಾಕಲಿಕ್ಕೆ ಸಾಲ ಮಾಡಿದ ಹಾಗಾಯಿತಲ್ಲ!

ಆದರೂ ಪಾಠ ಉಳಿಯಿತು, ಸಂಘದವರ ಬಾಯಿಗೆ ಬೀಗ ಬಿತ್ತು. ವಾರ ತುಂಬುವುದರೊಳಗೆ ಕೋಲಪ್ಪ ಬಾಗಿಲಲ್ಲಿ ನಿಂತಿದ್ದ. ಕಣ್ಣು ಕೆಂಪಗಿದ್ದವು.

"ಯಾಕಮ್ಮಾ, ಸದ್ದೇ ಇಲ್ಲ? ಪಾಠ ನಿಂತುಹೋಯ್ತಾ?"

"ನಡೀತಿದೆ ಯಜಮಾನ್ರೇ. ನಿಮಗೆ ಕೇಳಿಸ್ತಿಲ್ಲ ಅಷ್ಟೆ."

"ಕೇಳಿಸದಿದ್ರೆ ನನಗೆ ಗೊತ್ತಾಗೋದು ಹೇಗೆ? ಪಾಠ ನಿಂತ್ರೆ ಕಂತು ನಿಲ್ಲುತ್ತೆ. ಕಂತು ನಿಂತ್ರೆ ಬ್ಯಾಂಕಿನವರು ನನ್ನ ಪಿಂಚಣಿಗೆ ಕೈ ಹಾಕ್ತಾರೆ. ನಿದ್ದೇನೇ ಬರ್ತಿಲ್ಲ ಕಣಮ್ಮ." ದನಿ ತಗ್ಗಿಸಿ ಕೇಳಿದ, "ಆ ಬಾಗಿಲು ಒಂಚೂರು ತೆಗೆದಿಟ್ಟು ಊದು. ಕೇಳ್ತಾ ಇದ್ರೆ ನನಗೆ ಧೈರ್ಯ."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನನ್ನು ಅವಳು ದಿಟ್ಟಿಸಿ ನೋಡಿದಳು. ಈ ದೇಶಕ್ಕೆ ಬಂದ ಮೇಲೆ ಅವಳ ಸಂಗೀತ ಕೇಳಬೇಕೆಂದು ತಾನಾಗಿ ಮೆಟ್ಟಿಲಿಳಿದು ಬಂದ ಮೊದಲ ಮನುಷ್ಯ ಇವನೇ. ಅದೂ ಪಿಂಚಣಿಯ ಭಯಕ್ಕೆ. ಅವಳಿಗೆ ನೋವಾಯಿತು. ನೋವಿನ ಬೆನ್ನಿಗೇ ಸಿಟ್ಟು ಬಂತು.

"ಬಾಗಿಲು ತೆಗೆದಿಟ್ರೆ ಸಂಘದವರು ಬಿಡ್ತಾರಾ? ಒಳಗೆ ಬಂದು ಕೂತ್ಕೊಳ್ಳಿ. ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ."

ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ಒತ್ತಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತು ಟ್ರಂಪೆಟ್ ಎತ್ತಿದಳು. ಮೊದಲ ಸ್ವರಕ್ಕೇ ಮುದುಕ ಎರಡೂ ಕಿವಿ ಮುಚ್ಚಿಕೊಂಡ. ಎರಡನೆಯದಕ್ಕೆ "ಸಾಕಮ್ಮಾ, ನಂಬಿದೆ, ನಂಬಿದೆ!" ಎಂದು ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಕಿರುಚಿದ. ಅವಳು ನಿಲ್ಲಿಸಲಿಲ್ಲ. ಆಚೆ ಸೋಫಾದ ಮೇಲೆ ಗಂಡ ಕಾಲು ಚಾಚಿ ಪೇಪರ್ ಓದುತ್ತಿದ್ದ. ಒಳಗೆ ಯಾರೋ ಕೂಗುತ್ತಿದ್ದಾರೆಂದು ಅವನಿಗೆ ಗೊತ್ತೇ ಆಗಲಿಲ್ಲ.